ದೂರದಿಂದ ಹೊಡೆಯೋದು ಬೇಟೆಯೂ ಅಲ್ಲ, ಬೆಳೆ ಕಾವಲೂ ಅಲ್ಲ

ಕಡ್ಲೆಕಾಯಿ ಬಲಿಯೋ ಹೊತ್ತಿಗೆ ನಮ್ಮ ಕಡೆ ಪ್ರತಿ ವರ್ಷ ಒಂದೇ ಮಾತು: ಹಂದಿಗೆ ಏನು ಮಾಡೋದು? ಈಚೆಗೆ ಈ ಪ್ರಶ್ನೆಗೆ ಹೊಸ ಉತ್ತರವೊಂದು ಸೇರಿಕೊಂಡಿದೆ. ಪಟ್ಟಣದಲ್ಲಿ ದುರ್ಬೀನು ಕೂಡಿಸಿದ ರೈಫಲ್ ಇರೋರು ಇದ್ದಾರೆ, ಅವರನ್ನ ಕರೆಸಿದರೆ ಗುಡ್ಡದ ಓರೆಯಲ್ಲಿ ಕೂತು ಅರ್ಧ ಕಿಲೋಮೀಟರು ದೂರದಿಂದಲೇ ಒಂದೊಂದಾಗಿ ಉರುಳಿಸ್ತಾರೆ, ನಮಗೆ ಖರ್ಚಿಲ್ಲ, ಅವರಿಗೆ ಶೋಕಿ ತೀರುತ್ತೆ ಅನ್ನೋದು ಆ ಉತ್ತರ. ಹೊರದೇಶದವರು ಹೀಗೆ ಹೊಡೆಯೋ ಚಿತ್ರಗಳನ್ನ ನಮ್ಮ ಹುಡುಗರು ಮೊಬೈಲಿನಲ್ಲಿ ತೋರಿಸ್ತಾರೆ. ನೋಡಿದೋರೆಲ್ಲ 'ಭಲೇ' ಅಂತಾರೆ.

ಈ ಉತ್ತರ ಸರಿಯಲ್ಲ ಅಂತ ನನ್ನ ಅಭಿಪ್ರಾಯ. ಯಾಕೆ ಅಂತ ಬರೀತೀನಿ. ನಾನು ಓದಿದ್ದು ಏಳನೇ ಕ್ಲಾಸು. ಐದೆಕರೆ ಖುಷ್ಕಿ ಜಮೀನಿನಲ್ಲಿ ಕಡ್ಲೆಕಾಯಿ, ತೊಗರಿ, ರಾಗಿ ಬೆಳೆಯೋನು. ಹಂದಿ ಕಂಡರೆ ಕೈ ಮುಗಿಯೋನಲ್ಲ. ಒಂದೇ ರಾತ್ರಿ ಮುಕ್ಕಾಲು ಎಕರೆ ಕಡ್ಲೆಗಿಡ ಮಗುಚಿ ಹಾಕಿದ್ದನ್ನ ಬೆಳಗ್ಗೆ ಎದ್ದು ನೋಡಿದೋನು. ಆದ್ದರಿಂದ ಪ್ರಾಣಿ ಪ್ರೀತಿ ಜಾಸ್ತಿಯಾಗಿ ಇದನ್ನ ಬರೆದಿದ್ದಾನೆ ಅಂತ ಯಾರೂ ತಿಳೀಬಾರದು.

ಮೊದಲು ಕಾನೂನಿನ ಮಾತು

ನಮ್ಮ ದೇಶದಲ್ಲಿ ಶೋಕಿಗೆ ಬೇಟೆ ಆಡೋ ಹಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಾಗ ಲೈಸೆನ್ಸು ಪಡೆದು ಬೇಟೆ ಆಡೋಕೆ ಸ್ವಲ್ಪ ಅವಕಾಶ ಉಳಿದಿತ್ತು. 1991ರ ತಿದ್ದುಪಡಿಯಲ್ಲಿ ಅದೂ ಹೋಯ್ತು. ಈಗ ಕಾಡುಹಂದಿ ಆ ಕಾಯ್ದೆಯ ಎರಡನೇ ಪಟ್ಟಿಯಲ್ಲಿದೆ. ಬೆಳೆಗೆ ಅಪಾಯ ಅಂತ ಕಂಡರೆ 11ನೇ ಕಲಮಿನ ಪ್ರಕಾರ ಮುಖ್ಯ ವನ್ಯಜೀವಿ ಪರಿಪಾಲಕರು, ಇಲ್ಲವೇ ಅವರು ಅಧಿಕಾರ ಕೊಟ್ಟ ಅಧಿಕಾರಿ, ಕಾರಣ ಬರೆದು ಲಿಖಿತ ಆಜ್ಞೆ ಕೊಟ್ಟರೆ ಹೊಡೆಯಬಹುದು. ಕೃಷ್ಣಮೃಗ ಮೊದಲನೇ ಪಟ್ಟಿಯದು. ಅದು ಬೆಳೆ ತಿಂತು ಅನ್ನೋ ಕಾರಣಕ್ಕೆ ಅನುಮತಿ ಕೊಡೋಕೆ ದಾರಿಯೇ ಇಲ್ಲ. ನಮ್ಮ ಮಧುಗಿರಿ ಕಡೆ ಮೈದನಹಳ್ಳಿಯಲ್ಲೂ ಅತ್ತ ರಾಣೆಬೆನ್ನೂರಿನಲ್ಲೂ ಕೃಷ್ಣಮೃಗ ಹೊಲಕ್ಕೆ ಇಳಿಯೋದು ಎಲ್ಲರಿಗೂ ಗೊತ್ತು.

ಈಗ ಕೋವಿ ವಿಚಾರ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಮಿನಲ್ಲಿ ಬೆಳೆ ರಕ್ಷಣೆಗೆ ಅಂತ ಹೆಸರಿಟ್ಟು ಹೇಳಿರೋದು ನಳಿಗೆ ಬಾಯಿಂದ ಮದ್ದು ತುಂಬೋ ಕೋವಿಯನ್ನ. ಅದು ಸಾಲದು ಅಂತ ಅಧಿಕಾರಿಗೆ ಮನವರಿಕೆಯಾದರೆ ಒಳಗೆ ಗೀರು ಇಲ್ಲದ, ನುಣುಪು ನಳಿಗೆಯ ಬೇರೆ ಕೋವಿಗೆ ಲೈಸೆನ್ಸು ಕೊಡಬಹುದು ಅಂತ ಇದೆ. ರೈಫಲ್ ಅಂದರೆ ನಳಿಗೆಯೊಳಗೆ ಸುರುಳಿ ಗೀರು ಇರೋದು, ಗುಂಡನ್ನ ತಿರುಗಿಸಿ ದೂರಕ್ಕೆ ಕಳಿಸೋದು. ಬೆಳೆ ಕಾಯೋ ಕೋವಿ ಅಂತ ಆ ಕಲಮು ರೈಫಲ್ಲಿನ ಮಾತೇ ಎತ್ತಿಲ್ಲ. ಇದನ್ನ ಬರೆದೋರಿಗೆ ಏನು ಮನಸ್ಸಿನಲ್ಲಿತ್ತೋ, ಹೊಲ ಕಾಯೋನಿಗೆ ಹತ್ತಿರದ ಕೋವಿಯೇ ತಕ್ಕದ್ದು ಅನ್ನೋದು ಮಾತ್ರ ನನಗೆ ಸರಿ ಕಾಣುತ್ತೆ.

ಇನ್ನೊಂದು ವಿಚಾರ. ಲೈಸೆನ್ಸಿನ ಬೇಟೆ ಇದ್ದ ಕಾಲದಲ್ಲೂ 1972ರ ಕಾಯ್ದೆಯಲ್ಲಿ ಕೆಲವು ಕಟ್ಟಳೆ ಇದ್ದವು. ವಾಹನದಲ್ಲಿ ಕೂತು ಹೊಡೀಬಾರದು. ರಾತ್ರಿ ಲೈಟು ಬಿಟ್ಟು ಹೊಡೀಬಾರದು. ನೀರು ಕುಡಿಯೋ ಜಾಗದಲ್ಲಿ, ಉಪ್ಪು ನೆಕ್ಕೋ ಜಾಗದಲ್ಲಿ ಕಾದು ಹೊಡೀಬಾರದು. ಇವು ನಮ್ಮ ಹಳೇ ಬೇಟೆಗಾರರ ಬಾಯಲ್ಲೂ ಇದ್ದ ಮಾತೇ. ಪ್ರಾಣಿಗೂ ಒಂದು ಅವಕಾಶ ಇರಬೇಕು ಅನ್ನೋದು ಇದರ ಹಿಂದಿನ ಅರ್ಥ.

ಅರ್ಧ ಕಿಲೋಮೀಟರು ಅಂದರೆ ಎಷ್ಟು

ನಮ್ಮೂರಿನಲ್ಲಿ ಸೈನ್ಯದಲ್ಲಿದ್ದು ನಿವೃತ್ತರಾಗಿ ಬಂದು ಬೇಸಾಯ ಮಾಡ್ತಿರೋರೊಬ್ಬರು ಇದ್ದಾರೆ. ಅವರನ್ನ ಕೇಳಿ ತಿಳಕೊಂಡ ಲೆಕ್ಕ ಬರೀತೀನಿ. ಕೋವಿ, ತೋಟಾ ಬೇರೆಯಾದರೆ ಅಂಕಿ ಸ್ವಲ್ಪ ಹೆಚ್ಚು ಕಡಿಮೆ ಆಗುತ್ತೆ.

ಮಾಮೂಲಿ ದೊಡ್ಡ ರೈಫಲ್ಲಿನ ಗುಂಡು ನಳಿಗೆ ಬಿಡುವಾಗ ಸೆಕೆಂಡಿಗೆ ಸುಮಾರು 800 ಮೀಟರು ಓಡುತ್ತೆ. ಗಾಳಿ ತಡೆಯೋದರಿಂದ ಹೋಗ್ತಾ ಹೋಗ್ತಾ ನಿಧಾನ ಆಗುತ್ತೆ. 500 ಗಜ ಮುಟ್ಟೋಕೆ ಮುಕ್ಕಾಲು ಸೆಕೆಂಡಿನ ಹತ್ತಿರ ಬೇಕು. ಇಷ್ಟರಲ್ಲಿ ಏನಾಗುತ್ತೆ ನೋಡಿ.

ಒಂದನೇದು, ಗುಂಡು ಕೆಳಗೆ ಬೀಳುತ್ತೆ. 100 ಗಜಕ್ಕೆ ಸರಿಯಾಗಿ ಗುರಿ ಕೂಡಿಸಿದ ರೈಫಲ್ಲಿನ ಗುಂಡು 500 ಗಜಕ್ಕೆ ಹೋಗೋ ಹೊತ್ತಿಗೆ ಸುಮಾರು ಮೂರು ಮೊಳ ಇಳಿದಿರುತ್ತೆ. ದೂರ ಎಷ್ಟು ಅಂತ ಕರಾರುವಾಕ್ಕಾಗಿ ಅಳೆದು ಅಷ್ಟು ಮೇಲಕ್ಕೆ ಹಿಡೀಬೇಕು. ಅಳತೆ ತಪ್ಪಿದರೆ ಗುಂಡು ಹೊಟ್ಟೆಗೋ ಕಾಲಿಗೋ ಹೋಗುತ್ತೆ.

ಎರಡನೇದು ಗಾಳಿ. ನಮ್ಮ ಬಯಲಿನಲ್ಲಿ ಆಷಾಢದ ಗಾಳಿ ಹೇಗೆ ಬೀಸುತ್ತೆ ಅಂತ ನಿಮಗೆ ಗೊತ್ತು. ಗಂಟೆಗೆ 16 ಕಿಲೋಮೀಟರಿನ ಅಡ್ಡಗಾಳಿ ಅಂದರೆ ನಮಗೆ ಅದು ಗಾಳಿಯೇ ಅಲ್ಲ, ತೂರೋಕೂ ಸಾಲದು ಅಂತೀವಿ. ಅಷ್ಟು ಗಾಳಿಗೆ 100 ಗಜದಲ್ಲಿ ಗುಂಡು ಒಂದು ಅಂಗುಲ ಕೂಡ ಸರಿಯಲ್ಲ. 500 ಗಜದಲ್ಲಿ ಒಂದು ಮೊಳದಷ್ಟು ಪಕ್ಕಕ್ಕೆ ಹೋಗುತ್ತೆ. ಕೋವಿ ಹತ್ತಿರ ಒಂದು ಗಾಳಿ, ನಡುವಿನ ಹಳ್ಳದಲ್ಲಿ ಇನ್ನೊಂದು ಗಾಳಿ, ಹಂದಿ ಹತ್ತಿರ ಮತ್ತೊಂದು. ಇದನ್ನ ಯಾವ ದುರ್ಬೀನು ಹೇಳುತ್ತೆ?

ಮೂರನೇದು ಪ್ರಾಣಿಯೇ. ಮೇಯ್ತಾ ಹೋಗೋ ಹಂದಿ ಮುಕ್ಕಾಲು ಸೆಕೆಂಡಿಗೆ ಸಲೀಸಾಗಿ ಒಂದು ಹೆಜ್ಜೆ ಇಡುತ್ತೆ. ಅದರ ಜೀವದ ಜಾಗ, ಅಂದರೆ ಹೃದಯ ಮತ್ತು ಶ್ವಾಸಕೋಶ, ಮುಂಗಾಲಿನ ಸಂದಿನಲ್ಲಿ ತಗ್ಗಿನಲ್ಲಿ ಇರುತ್ತೆ. ಊಟದ ತಟ್ಟೆಗಿಂತ ದೊಡ್ಡದಲ್ಲ. ಕುದುರೆ ಎಳೆಯೋನು ಎಷ್ಟೇ ಗಟ್ಟಿಗನಾದರೂ ಗುಂಡು ಹೊರಟ ಮೇಲೆ ಹಂದಿ ಹೆಜ್ಜೆ ಇಟ್ಟರೆ ಅವನ ಕೈಯಲ್ಲಿ ಏನೂ ಇಲ್ಲ. ತಟ್ಟೆಗೆ ಇಟ್ಟ ಗುರಿ ಪಚ್ಚಿಗೆ ಹೋಗುತ್ತೆ.

ಇದರ ಜೊತೆಗೆ ಕೈ ನಡುಕ. 100 ಗಜದಲ್ಲಿ ಒಂದು ಅಂಗುಲ ತಪ್ಪೋನು 500 ಗಜದಲ್ಲಿ ಐದು ಅಂಗುಲ ತಪ್ತಾನೆ. ಇದು ಮೂರನೇ ಕ್ಲಾಸಿನ ಲೆಕ್ಕ. ಕಾಗದದ ಮೇಲೆ ಐದು ಅಂಗುಲ ತಪ್ಪಿದರೆ ನಂಬರು ಹೋಗುತ್ತೆ, ಅಷ್ಟೇ. ಜೀವದ ಮೇಲೆ ತಪ್ಪಿದರೆ ಮೂರು ದಿನದ ನರಳಾಟ.

ಅಮೆರಿಕದಲ್ಲಿ ಬೇಟೆಗಾರರದೇ ಒಂದು ಹಳೇ ಸಂಘ ಇದೆ, ಬೂನ್ ಅಂಡ್ ಕ್ರಾಕೆಟ್ ಕ್ಲಬ್ಬು ಅಂತ. 1887ರಲ್ಲಿ ಥಿಯೋಡರ್ ರೂಸ್‌ವೆಲ್ಟ್ ಮುಂದಾಳುತನದಲ್ಲಿ ಹುಟ್ಟಿದ್ದು. ಅವರು ಬೇಟೆ ಬೇಡ ಅನ್ನೋರಲ್ಲ, ಬೇಟೆಯಲ್ಲೇ ಬೆಳೆದೋರು. ಅಂಥೋರೇ ಎಷ್ಟು ದೂರ ಹೊಡೀಬಲ್ಲೆ ಅಂತ ಸಲಕರಣೆ ಪರೀಕ್ಷೆ ಮಾಡೋಕೆ ಜೀವಂತ ಪ್ರಾಣಿಯನ್ನ ಗುರಿ ಮಾಡೋದು ನ್ಯಾಯದ ಬೇಟೆ ಅಲ್ಲ ಅನ್ನೋ ನಿಲುವು ತಗೊಂಡಿದ್ದಾರೆ. ಇಷ್ಟೇ ಗಜ ಅಂತ ಅವರು ಗೆರೆ ಎಳೆದಿಲ್ಲ. ಹೊಡೆಯೋನ ಉದ್ದೇಶ ಏನು ಅನ್ನೋದೇ ಅವರ ಗೆರೆ. ನಮ್ಮ ಹುಡುಗರು ಅಲ್ಲಿಂದ ಬರೋ ಚಿತ್ರ ಮಾತ್ರ ನೋಡ್ತಾರೆ, ಅಲ್ಲಿಯ ಹಿರಿಯರ ಮಾತು ಇಲ್ಲಿಗೆ ಬರೋದಿಲ್ಲ.

ಗಾಯಗೊಂಡದ್ದು ಯಾರ ಪಾಲು?

ದೂರದಿಂದ ಹೊಡೆದೋನಿಗೆ ಒಂದು ಅನುಕೂಲ ಇದೆ. ಏಟು ತಪ್ಪಿತೋ, ಗಾಯ ಆಯ್ತೋ ಅವನಿಗೆ ಕಾಣೋದಿಲ್ಲ. 'ತಾಗಲಿಲ್ಲ ಅಂತ ಕಾಣುತ್ತೆ' ಅಂದು ಜೀಪು ಹತ್ತುತ್ತಾನೆ. ಹತ್ತಿರದಿಂದ ಹೊಡೆದೋನಿಗೆ ರಕ್ತ ಕಾಣುತ್ತೆ, ಕೂಗು ಕೇಳುತ್ತೆ, ಹಿಂದೆ ಹೋಗದೆ ವಿಧಿಯಿಲ್ಲ. ಅರ್ಧ ಕಿಲೋಮೀಟರು ಕಲ್ಲು ಮುಳ್ಳಿನಲ್ಲಿ ನಡೆದು, ಹಂದಿ ನಿಂತಿದ್ದ ಜಾಗ ಇದೇ ಅಂತ ಗುರುತಿಸಿ, ರಕ್ತ ಹುಡುಕೋಕೆ ಎಷ್ಟು ಜನ ತಯಾರಿದ್ದಾರೆ? ಹೋಗೋಷ್ಟರಲ್ಲಿ ಹಂದಿ ಎರಡು ಹಳ್ಳ ದಾಟಿರುತ್ತೆ.

ನಮ್ಮ ಪಕ್ಕದ ಹಳ್ಳಿಯಲ್ಲಿ ಮೂರು ವರ್ಷದ ಹಿಂದೆ ಹೀಗೇ ಆಯ್ತು. ಯಾರೋ ರಾತ್ರಿ ಹೊಡೆದು ಹಿಂಗಾಲು ಮುರಿದ ಸಲಗ ಹಂದಿಯೊಂದು ತೊಗರಿ ಹೊಲದಲ್ಲಿ ಮಲಗಿತ್ತು. ಮೂರನೇ ದಿನ ಹುಲ್ಲು ಕುಯ್ಯೋಕೆ ಹೋದ ಹೆಣ್ಣುಮಗಳ ತೊಡೆ ಸೀಳಿತು. ಹೊಡೆದೋನು ಯಾರು ಅಂತ ಇವತ್ತಿಗೂ ಗೊತ್ತಾಗಿಲ್ಲ. ಆಸ್ಪತ್ರೆ ಖರ್ಚು ಆ ಮನೆಯೋರದೇ, ಎರಡು ತಿಂಗಳು ಕೂಲಿ ಹೋಗಿದ್ದೂ ಅವರದೇ. ಹೊಡೆದೋನು ತನ್ನ ಸ್ನೇಹಿತರ ಹತ್ತಿರ ಎಷ್ಟು ಗಜದಿಂದ ಹೊಡೆದೆ ಅಂತ ಹೇಳಿಕೊಂಡಿರ್ತಾನೆ.

ಜಿಮ್ ಕಾರ್ಬೆಟ್ ಕಥೆ ನಮ್ಮಲ್ಲಿ ಬಹಳ ಜನ ಓದಿದ್ದೀರಿ. 1907ರಲ್ಲಿ ಅವನು ಕೊಂದ ಚಂಪಾವತದ ಹೆಣ್ಣುಹುಲಿ 436 ಜನರನ್ನ ತಿಂದಿತ್ತು ಅಂತ ಲೆಕ್ಕ. ಸತ್ತ ಮೇಲೆ ನೋಡಿದರೆ ಅದರ ಬಲಗಡೆಯ ಕೋರೆಹಲ್ಲು ಮೇಲಿನದೂ ಕೆಳಗಿನದೂ ಮುರಿದಿದ್ದವು. ಅದು ಹಳೇ ಗುಂಡೇಟಿನ ಗಾಯ. ಮಾಮೂಲಿ ಬೇಟೆ ಹಿಡಿಯೋಕಾಗದೆ ಮನುಷ್ಯರ ಮೇಲೆ ಬಿತ್ತು ಅಂತ ಕಾರ್ಬೆಟ್ಟನೇ ಬರೆದಿದ್ದಾನೆ. ಯಾವನೋ ಒಬ್ಬ ಹೊಡೆದು ಬಿಟ್ಟು ಹೋದ ಏಟಿನ ಸಾಲವನ್ನ 436 ಮನೆಗಳು ತೀರಿಸಿದವು. ಹುಲಿಗೂ ಹಂದಿಗೂ ಹೋಲಿಕೆ ಇಲ್ಲದಿರಬಹುದು. ಆದರೆ ಸಾಲ ಮಾಡೋನೊಬ್ಬ, ತೀರಿಸೋನೊಬ್ಬ ಅನ್ನೋದು ಎರಡಕ್ಕೂ ಒಂದೇ.

ಗುಂಡು ಹಂದಿ ಹತ್ತಿರ ನಿಲ್ಲೋದಿಲ್ಲ

ನಮ್ಮ ಬಯಲುಸೀಮೆಯೋರು ಮುಖ್ಯವಾಗಿ ಯೋಚಿಸಬೇಕಾದ್ದು ಇದು. ದೊಡ್ಡ ರೈಫಲ್ಲಿನ ಗುಂಡು ಏನೂ ಅಡ್ಡ ಸಿಗದಿದ್ದರೆ ಮೂರು ಕಿಲೋಮೀಟರು ದಾಟಿ ಹೋಗುತ್ತೆ. ಮಲೆನಾಡಿನಲ್ಲಾದರೆ ಮರ, ದಿಬ್ಬ ತಡೀಬಹುದು. ನಮ್ಮಲ್ಲಿ ತಡೆಯೋಕೆ ಏನಿದೆ? ಒಂದು ಜಾಲಿ ಮರ, ಒಂದು ಕತ್ತಾಳೆ ಬೇಲಿ. ಕಲ್ಲಿಗೆ ತಾಗಿದ ಗುಂಡು ಎತ್ತ ಚಿಮ್ಮುತ್ತೆ ಅಂತ ದೇವರಿಗೇ ಗೊತ್ತು.

ಹಂದಿ ಬರೋದು ರಾತ್ರಿ. ಅದೇ ರಾತ್ರಿ ಹೊಲದಲ್ಲಿ ಯಾರ್ಯಾರು ಇರ್ತಾರೆ ಲೆಕ್ಕ ಹಾಕಿ. ಅಟ್ಟಣೆ ಮೇಲೆ ಮಲಗಿ ತಗಡು ಬಡಿಯೋ ಕಾವಲುಗಾರ, ಕರೆಂಟು ಬಂತು ಅಂತ ಬೋರಿನ ಮೋಟಾರು ಹಾಕೋಕೆ ಬಂದೋನು, ಬೀಳು ಹೊಲದಲ್ಲಿ ಮಂದೆ ಹಾಕಿಕೊಂಡು ಹೆಂಡತಿ ಮಕ್ಕಳ ಸಮೇತ ಮಲಗಿರೋ ಕುರಿಗಾರ. ಪಟ್ಟಣದಿಂದ ಬಂದೋನಿಗೆ ಇವರ್ಯಾರೂ ಗೊತ್ತಿಲ್ಲ. ಅವನ ದುರ್ಬೀನಿನಲ್ಲಿ ಕಾಣೋದು ಹಂದಿಯ ಸುತ್ತಿನ ಒಂದು ರೊಟ್ಟಿಯಗಲ ಜಾಗ. ಅದರ ಹಿಂದೆ ಏನಿದೆ ಅಂತ ಹೇಳೋದು ಊರಿನೋನು ಮಾತ್ರ.

ನಮ್ಮ ಪುರಾಣದಲ್ಲಿ ಇದಕ್ಕೆ ಕಥೆ ಇಲ್ಲದೆ ಇಲ್ಲ. ದಶರಥ ಮಹಾರಾಜನಿಗೆ ಶಬ್ದ ಕೇಳಿ ಬಾಣ ಬಿಡೋ ವಿದ್ಯೆ ಗೊತ್ತಿತ್ತು. ಕತ್ತಲಲ್ಲಿ ಕೊಡ ಮುಳುಗೋ ಸದ್ದು ಕೇಳಿ ಆನೆ ನೀರು ಕುಡೀತಿದೆ ಅಂತ ಬಿಟ್ಟ. ತಾಗಿದ್ದು ಕುರುಡು ತಂದೆತಾಯಿಗೆ ನೀರು ತರೋಕೆ ಬಂದ ಶ್ರವಣಕುಮಾರನಿಗೆ. ಗುರಿ ಒಂದಿಷ್ಟೂ ತಪ್ಪಿರಲಿಲ್ಲ, ತಪ್ಪಿದ್ದು ಏನು ಹೊಡೀತಿದ್ದೀನಿ ಅನ್ನೋ ತಿಳಿವಳಿಕೆ. ಕೃಷ್ಣನ ಅಂಗಾಲನ್ನ ಜಿಂಕೆ ಅಂತ ದೂರದಿಂದ ಹೊಡೆದ ಬೇಡನ ಕಥೆಯೂ ಅದೇ. ಹರಿಕಥೆಯಲ್ಲಿ ಇವನ್ನ ಕೇಳಿ ಕಣ್ಣೀರು ಹಾಕ್ತೀವಿ. ಹೊಲಕ್ಕೆ ಬಂದಾಗ ಮರೀತೀವಿ.

ಅವರ ಮಾತಿನಲ್ಲೂ ಸತ್ಯ ಇದೆ

ದೂರದಿಂದ ಹೊಡೆಯೋದೇ ಸರಿ ಅನ್ನೋರ ವಾದವನ್ನೂ ಹೇಳಿಬಿಡ್ತೀನಿ. ಪ್ರಾಣಿಗೆ ಹೆದರಿಕೆಯೇ ಆಗೋದಿಲ್ಲ, ಸದ್ದು ಕೇಳೋಕೆ ಮುಂಚೆ ಗುಂಡು ತಾಗಿರುತ್ತೆ ಅಂತಾರೆ. ಗುಂಡು ಸದ್ದಿಗಿಂತ ಬೇಗ ಓಡೋದು ನಿಜ. ಸರಿಯಾಗಿ ತಾಗಿದರೆ ಒಳ್ಳೇ ಸಾವೇ. ನಾನು ಕೇಳೋದು ಸರಿಯಾಗಿ ತಾಗದ ಏಟಿನ ಬಗ್ಗೆ.

ಇನ್ನೊಂದು, ಈಗ ನಾವು ಮಾಡ್ತಿರೋದು ಇದಕ್ಕಿಂತ ಕೆಟ್ಟದ್ದಲ್ಲವೇ ಅಂತ ಕೇಳ್ತಾರೆ. ಈ ಪ್ರಶ್ನೆಗೆ ತಲೆ ತಗ್ಗಿಸಬೇಕಾಗುತ್ತೆ. ನಮ್ಮ ಸೀಮೆಯಲ್ಲಿ ಉರುಳು ಹಾಕೋರು ಇದ್ದಾರೆ, ಬೇಲಿ ತಂತಿಗೆ ಲೈನಿನಿಂದ ನೇರ ಕರೆಂಟು ಕೊಡೋರು ಇದ್ದಾರೆ, ಹಿಟ್ಟಿನುಂಡೆಯಲ್ಲಿ ಸಿಡಿಮದ್ದು ಇಡೋರು ಇದ್ದಾರೆ. 2020ರ ಮೇ ತಿಂಗಳಲ್ಲಿ ಕೇರಳದ ಪಾಲಕ್ಕಾಡು ಜಿಲ್ಲೆಯಲ್ಲಿ ಗಬ್ಬದ ಆನೆಯೊಂದು ಸಿಡಿಮದ್ದು ತುಂಬಿದ ಹಣ್ಣು ಕಚ್ಚಿ, ಬಾಯಿ ಒಡೆದುಕೊಂಡು, ಹೊಳೆ ನೀರಿನಲ್ಲಿ ನಿಂತೇ ಪ್ರಾಣ ಬಿಟ್ಟಿದ್ದನ್ನ ದೇಶವೇ ನೋಡಿತು. ಕರೆಂಟು ತಂತಿಗೆ ಹಂದಿ ಮಾತ್ರ ಅಲ್ಲ, ದನ ಸಾಯುತ್ತೆ, ಹಾಕಿದೋನ ಮನೆಯೋರೇ ಸಾಯ್ತಾರೆ.

ಆದರೆ ನನಗೆ ಇವೆಲ್ಲ ಒಂದೇ ಜಾತಿ ಅನ್ನಿಸುತ್ತೆ. ತಂತಿ ಹಾಕಿದೋನು ಮನೆಯಲ್ಲಿ ಮಲಗಿರ್ತಾನೆ. ಮದ್ದು ಇಟ್ಟೋನು ಸಂತೆಗೆ ಹೋಗಿರ್ತಾನೆ. ಅರ್ಧ ಕಿಲೋಮೀಟರಿನಿಂದ ಹೊಡೆದೋನು ಅಲ್ಲೇ ಇದ್ದರೂ ಅಲ್ಲಿಲ್ಲ. ಕೊಲ್ಲೋನು ಸಾವಿನ ಹತ್ತಿರ ಇರದ ರೀತಿಗಳು ಇವು. ಒಂದಕ್ಕೆ ಪರಿಹಾರ ಇನ್ನೊಂದಲ್ಲ.

ದೂರದಿಂದ ಹೊಡೆಯೋರು ಇನ್ನೂ ಇದ್ದಾರೆ

ಕೋವಿಯೋರನ್ನ ಮಾತ್ರ ಬೈದು ಮುಗಿಸಿದರೆ ನ್ಯಾಯ ಆಗೋದಿಲ್ಲ. ರೈತ ಇಂಥ ಅಡ್ಡದಾರಿಗೆ ಯಾಕೆ ಹೋಗ್ತಾನೆ? ನೆಟ್ಟಗಿರೋ ದಾರಿ ಅಷ್ಟು ಉದ್ದ ಇರೋದಕ್ಕೆ. ಹಂದಿ ಕಾಟಕ್ಕೆ ನಾನೇ ಒಂದು ಕಚೇರಿಗೆ ಅರ್ಜಿ ಕೊಟ್ಟಿದ್ದೆ. ಬಂದು ನೋಡೋಷ್ಟರಲ್ಲಿ ಕಡ್ಲೆಕಾಯಿ ಕಿತ್ತು ಕಾಯಿ ಬಿಡಿಸಿ ಆಗಿತ್ತು. ನಷ್ಟ ಎಲ್ಲಿದೆ ತೋರಿಸಿ ಅಂದರು. ಬಣವೆ ತೋರಿಸಬೇಕಾಯ್ತು. ಕೋವಿ ಲೈಸೆನ್ಸು ಇರೋರಿಗೆ ಚುನಾವಣೆ ಬಂತು ಅಂದರೆ ಕೋವಿ ಠಾಣೆಗೆ ಒಪ್ಪಿಸೋ ಕೆಲಸ. ಹಂದಿಗೆ ನೀತಿಸಂಹಿತೆ ಗೊತ್ತಿಲ್ಲ.

ಬಿಹಾರದಲ್ಲಿ ನೀಲಗಾಯಿ ಮತ್ತು ಕಾಡುಹಂದಿಯನ್ನ 62ನೇ ಕಲಮಿನ ಪ್ರಕಾರ ಒಂದು ವರ್ಷ ಪೀಡಕ ಪ್ರಾಣಿ ಅಂತ 2015ರ ಡಿಸೆಂಬರಿನಲ್ಲಿ ಕೇಂದ್ರ ಸಾರಿತು. 2016ರ ಜೂನ್‌ನಲ್ಲಿ ಮೊಕಾಮಾ ಬಯಲಿನಲ್ಲಿ ಹೈದರಾಬಾದಿನಿಂದ ಕರೆಸಿದ ಗುರಿಕಾರರು ಕೆಲವೇ ದಿನದಲ್ಲಿ 200ಕ್ಕೂ ಹೆಚ್ಚು ನೀಲಗಾಯಿ ಹೊಡೆದರು. ದೆಹಲಿಯಲ್ಲಿ ಇಬ್ಬರು ಕೇಂದ್ರ ಮಂತ್ರಿಗಳು, ಮೇನಕಾ ಗಾಂಧಿ ಮತ್ತು ಪ್ರಕಾಶ ಜಾವಡೇಕರ್, ಬಹಿರಂಗವಾಗಿ ಜಗಳಾಡಿದರು. ಹೊಡೆಯೋರು ಹೊರಗಿನೋರು, ಜಗಳಾಡೋರು ದೂರದೋರು, ನಡುವೆ ರೈತ ಪ್ರೇಕ್ಷಕ.

ಕೇರಳದೋರು 2022ರಲ್ಲಿ ಬೇರೆ ದಾರಿ ಹಿಡಿದರು. ಹಂದಿ ಹೊಡೆಯೋ ಅನುಮತಿ ಕೊಡೋ ಅಧಿಕಾರವನ್ನ ಪಂಚಾಯ್ತಿ ಅಧ್ಯಕ್ಷರಂಥ ಸ್ಥಳೀಯರಿಗೆ ಕೊಟ್ಟರು. ವಿಷ, ಸಿಡಿಮದ್ದು, ಕರೆಂಟು ಕೂಡದು, ಲೈಸೆನ್ಸು ಇರೋ ಕೋವಿಯೋರು ಮಾತ್ರ ಹೊಡೀಬೇಕು ಅಂತ ಷರತ್ತು. ಅದರಲ್ಲಿ ಎಲ್ಲಾ ಸರಿ ಇದೆ ಅಂತ ನಾನು ಹೇಳೋದಿಲ್ಲ. ತೀರ್ಮಾನ ಹೊಲದ ಹತ್ತಿರ ಬಂತು ಅನ್ನೋದು ಮಾತ್ರ ನನಗೆ ಮೆಚ್ಚುಗೆ.

ನನ್ನ ಸಲಹೆ

ಮೊದಲು ಕೋವಿ ಇಲ್ಲದೆ ಆಗೋದನ್ನ ಮಾಡೋಣ. ಕಡ್ಲೆಕಾಯಿ ಸುತ್ತ ಮುಳ್ಳಿನ ಕುಸುಬೆ ನಾಲ್ಕು ಸಾಲು ಒತ್ತಾಗಿ ಹಾಕಿ ನಾನು ನೋಡಿದ್ದೀನಿ. ಪೂರಾ ತಡೆಯೋದಿಲ್ಲ, ಆದರೆ ಹಂದಿ ಅಂಚಿನಲ್ಲೇ ಮೂಗು ಚುಚ್ಚಿಸಿಕೊಂಡು ತಿರುಗೋದುಂಟು. ಅಕ್ಕಪಕ್ಕದ ಹತ್ತು ಜನ ಸೇರಿ ಒಂದೇ ಸುತ್ತಿಗೆ ಸೋಲಾರ್ ಬೇಲಿ ಮಾಡಿಕೊಂಡರೆ ತಲೆಗೆ ಬೀಳೋ ಖರ್ಚು ಕಡಿಮೆ. ಒಬ್ಬನೇ ಹಾಕಿದರೆ ಹಂದಿ ಪಕ್ಕದೋನ ಹೊಲಕ್ಕೆ ಹೋಗುತ್ತೆ, ಅಷ್ಟೇ.

ಇದೆಲ್ಲ ಮಾಡಿಯೂ ಹೊಡೆಯಲೇಬೇಕು ಅನ್ನೋ ಹಾಗಾದರೆ, ಕಾಗದದಲ್ಲಿ ಅನುಮತಿ ಪಡೆದ ಮೇಲೆ, ಈ ನಾಲ್ಕು ಮಾತಿಗೆ ಊರಿನೋರು ಕಟ್ಟುಬೀಳಲಿ.

ಒಂದು, ಅಟ್ಟಣೆ ಮೇಲಿಂದ ಕೆಳಮುಖವಾಗಿ, 30-40 ಗಜದೊಳಗೆ ಮಾತ್ರ ಹೊಡೀಬೇಕು. ತಪ್ಪಿದ ಗುಂಡು ನಮ್ಮ ಮಣ್ಣಿಗೇ ಹೋಗಲಿ. ಅಷ್ಟು ಹತ್ತಿರದಲ್ಲಿ ಹಂದಿಯೋ, ಕೃಷ್ಣಮೃಗವೋ, ಕರುವೋ, ಮರಿ ಕಟ್ಟಿಕೊಂಡ ತಾಯಿಯೋ ಗೊತ್ತಾಗುತ್ತೆ. ಹಾಗೆ ಗೊತ್ತಾಗದಿದ್ದರೆ ಆ ರಾತ್ರಿ ಹೊಡೀಬಾರದು.

ಎರಡು, ಹೊಡೆಯೋ ದಿನ ಸಂಜೆ ಊರಿಗೆ, ಕುರಿಗಾರರಿಗೆ, ಪಂಪಿನೋರಿಗೆ ಹೇಳಿಸಬೇಕು. ಯಾರು ಎಲ್ಲಿ ಮಲಗ್ತಾರೆ ಅಂತ ಗೊತ್ತಿರೋನು ಕೋವಿಯೋನ ಪಕ್ಕ ಕೂರಬೇಕು.

ಮೂರು, ಗಾಯಗೊಂಡ ಪ್ರಾಣಿಯನ್ನ ಬಿಟ್ಟು ಬರೋ ಹಾಗಿಲ್ಲ. ಬೆಳಕು ಹರಿದ ಮೇಲೆ ಹೊಡೆದೋನು, ಹೊಲದೋನು ಇಬ್ಬರೂ ರಕ್ತದ ಜಾಡು ಹಿಡಿದು ಹೋಗಿ ಮುಗಿಸಬೇಕು. ಅಷ್ಟು ದಿನ ಆ ದಿಕ್ಕಿನ ಹೊಲಗಳೋರಿಗೆ ಎಚ್ಚರ ಹೇಳಬೇಕು.

ನಾಲ್ಕು, ಸತ್ತ ಹಂದಿ ಸರ್ಕಾರದ ಸ್ವತ್ತು. ಮಾಂಸದ ಆಸೆ, ಕೋವಿ ಹಿಡಿದು ಫೋಟೋ ತೆಗೆಸಿಕೊಳ್ಳೋ ಆಸೆ ಇರೋನು ಈ ಕೆಲಸಕ್ಕೆ ಬೇಡ. ಮಾಂಸದ ಆಸೆ ಬಂತು ಅಂದರೆ ಬೆಳೆ ಇಲ್ಲದ ಬೇಸಿಗೆಯಲ್ಲೂ ಕೋವಿ ಸದ್ದು ಕೇಳುತ್ತೆ.

ಅನುಮತಿ ಕೊಡೋರಿಗೂ ಒಂದು ಮಾತು. ಕಾಯಿ ಬಲಿಯೋ ಕಾಲ ಮೂರು ನಾಲ್ಕು ವಾರ. ಅಷ್ಟರೊಳಗೆ ಆಜ್ಞೆ ಬಾರದಿದ್ದರೆ ಅದು ಬಂದೂ ಪ್ರಯೋಜನ ಇಲ್ಲ. ಬರೋದು ತಡವಾದಷ್ಟೂ ತಂತಿ, ಮದ್ದು, ಜೀಪಿನ ರೈಫಲ್ಲು ಹೆಚ್ಚಾಗುತ್ತವೆ.

ಹೊಲ ಕಾಯೋದು ರೈತನ ಹಕ್ಕು ಅಂತ ನಾನೂ ಹೇಳ್ತೀನಿ. ಆದರೆ ಒಂದು ಜೀವ ತೆಗೀಲೇಬೇಕಾದರೆ ಅದರ ಮುಖ ಕಾಣೋಷ್ಟು ಹತ್ತಿರ ಹೋಗೋ ಧೈರ್ಯ ಇರಬೇಕು. ಅಷ್ಟು ಹತ್ತಿರ ಹೋದೋನು ಬೇಕಿಲ್ಲದ್ದನ್ನ ಕೊಲ್ಲೋದಿಲ್ಲ. ಕಾಡಂಚಿನ ಬೇರೆ ಬೇರೆ ಸೀಮೆಯಲ್ಲಿ ಇರೋ ಓದುಗ ಮಿತ್ರರು ನಿಮ್ಮಲ್ಲಿ ಏನು ಮಾಡ್ತಿದ್ದೀರಿ, ನನ್ನ ನಾಲ್ಕು ಮಾತಿನಲ್ಲಿ ಯಾವುದು ನಡೆಯುತ್ತೆ, ಯಾವುದು ನಡೆಯೋದಿಲ್ಲ ಅಂತ ಪತ್ರಿಕೆಗೆ ಬರೀಬೇಕು.